ಮಿಸ್ಬಾ ಕಾದ ವರ್ಷಗಳು: ಅರೋರಾದ ಕನ್ನಡ ತಂದೆತಾಯಂದಿರಿಗೆ ಒಂದು ಬಹಿರಂಗ ಪತ್ರ



ಶಿಕಾಗೋ ಬಳಿಯ ಅರೋರಾ, ನೇಪರ್‌ವಿಲ್ ಸುತ್ತಮುತ್ತಲ ನಿಮ್ಮ ಮನೆಯಲ್ಲಿ ಬ್ಯಾಟು ಹಿಡಿದ ಮಗನೋ ಮಗಳೋ ಇದ್ದರೆ ಈ ಪತ್ರ ನಿಮಗೆ. ವಿದ್ಯಾರಣ್ಯ ಕನ್ನಡ ಕೂಟದ ಸಮಾರಂಭವಿರಲಿ, ಬಾಲಾಜಿ ದೇವಸ್ಥಾನದ ಊಟದ ಸಾಲಿರಲಿ, ಮಕ್ಕಳ ಆಟದ ಮಾತು ಬಂದರೆ ನಮ್ಮವರಲ್ಲಿ ಎರಡು ಪಂಗಡ. ಒಂದಕ್ಕೆ ಕ್ರಿಕೆಟ್ ಶನಿವಾರ ಬೆಳಗಿನ ಕಾಲಕ್ಷೇಪ. ಹೈಸ್ಕೂಲಿನ ಮೂರನೇ ವರ್ಷ ಬಂತೆಂದರೆ ಕಿಟ್ ಬ್ಯಾಗು ಗ್ಯಾರೇಜು ಸೇರಬೇಕು. ಇನ್ನೊಂದು ಪಂಗಡದ ಲೆಕ್ಕವೇ ಬೇರೆ: 2023ರಲ್ಲಿ ಮೇಜರ್ ಲೀಗ್ ಕ್ರಿಕೆಟ್ ಶುರುವಾಗಿದೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಇದೆ, ಇನ್ನೇನು ಬೇಕು, ಮಗುವನ್ನು ಪೂರ್ತಿ ಆಟಕ್ಕೇ ಬಿಡೋಣ. ಇಬ್ಬರ ಬಾಯಲ್ಲೂ ಪ್ರಶ್ನೆ ಮಾತ್ರ ಒಂದೇ: ಇವನಲ್ಲಿ ಅಷ್ಟು ಪ್ರತಿಭೆ ಇದೆಯೇ? ಆ ಪ್ರಶ್ನೆಯನ್ನೇ ಪಕ್ಕಕ್ಕಿಡಿ ಎಂದು ಹೇಳುವುದಕ್ಕೆ ಈ ಪತ್ರ. ಕೇಳಬೇಕಾದದ್ದು ಇದು: ಅವಕಾಶ ಸಿಗದ ವರ್ಷಗಳಲ್ಲಿ ಇವನನ್ನು ಆಟದಲ್ಲಿ ಉಳಿಸಿಕೊಳ್ಳುವವರು ಯಾರು? ಇದಕ್ಕೆ ನಾನು ಮುಂದಿಡುವ ಸಾಕ್ಷಿ ಪಾಕಿಸ್ತಾನದ ವೃತ್ತಿಪರ ಆಟಗಾರರ ಬದುಕು. ಅದೇ ಯಾಕೆ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳಬೇಕು, ಆ ಮಾತಿಗೂ ಬರುತ್ತೇನೆ.

ಮಿಸ್ಬಾ-ಉಲ್-ಹಕ್‌ರನ್ನು ನಮ್ಮಲ್ಲಿ ಬಹುಪಾಲು ಜನ ನೆನೆಯುವುದು ಒಂದೇ ಒಂದು ಹೊಡೆತಕ್ಕೆ. 2007ರ ಸೆಪ್ಟೆಂಬರ್ 24, ಜೊಹಾನ್ಸ್‌ಬರ್ಗ್, ಜೋಗಿಂದರ್ ಶರ್ಮಾರ ಚೆಂಡನ್ನು ಬಗ್ಗಿ ಹಿಂದಕ್ಕೆ ಎತ್ತಿದ್ದು, ಶ್ರೀಶಾಂತ್ ಕೈಗೆ ಬಿದ್ದದ್ದು, ಭಾರತ ಐದು ರನ್ನಿನಿಂದ ವಿಶ್ವಕಪ್ ಗೆದ್ದದ್ದು. ಆ ಹೊತ್ತಿಗೆ ಆ ಮನುಷ್ಯನಿಗೆ ಮೂವತ್ತಮೂರು ವರ್ಷ ಎಂಬುದನ್ನು ಯಾರೂ ನೆನೆಯುವುದಿಲ್ಲ. ಮಿಯಾಂವಾಲಿಯಲ್ಲಿ 1974ರಲ್ಲಿ ಹುಟ್ಟಿದ ಮಿಸ್ಬಾ ಲಾಹೋರಿನಲ್ಲಿ ಎಂ.ಬಿ.ಎ. ಓದಿಕೊಂಡವರು. ಪ್ರಥಮ ದರ್ಜೆ ಕ್ರಿಕೆಟ್ಟಿಗೆ ಕಾಲಿಟ್ಟಾಗಲೇ ಇಪ್ಪತ್ನಾಲ್ಕು ದಾಟಿತ್ತು. ನಮ್ಮ ಅಕಾಡೆಮಿಗಳ ಲೆಕ್ಕದಲ್ಲಿ ಅದು ನಿವೃತ್ತಿಯ ವಯಸ್ಸು. 2001ರಲ್ಲಿ ಆಕ್ಲೆಂಡಿನಲ್ಲಿ ಮೊದಲ ಟೆಸ್ಟ್, ಆಮೇಲೆ ಬೆರಳೆಣಿಕೆಯಷ್ಟು ಪಂದ್ಯ, ನಂತರ 2003ರಿಂದ 2007ರವರೆಗೆ ಟೆಸ್ಟ್ ತಂಡದ ಬಾಗಿಲು ಪೂರ್ತಿ ಮುಚ್ಚಿತ್ತು. ಮರಳಿ ಬಂದ ವರ್ಷವೇ ಭಾರತ ಪ್ರವಾಸದಲ್ಲಿ ಕೋಲ್ಕತ್ತದಲ್ಲಿ ಅಜೇಯ 161, ನಮ್ಮ ಚಿನ್ನಸ್ವಾಮಿ ಅಂಗಳದಲ್ಲಿ ಅಜೇಯ 133. 2010ರಲ್ಲಿ, ಸ್ಪಾಟ್ ಫಿಕ್ಸಿಂಗ್ ಹಗರಣದಲ್ಲಿ ತಂಡದ ಮಾನ ಬೀದಿಗೆ ಬಿದ್ದಿದ್ದಾಗ, ಮೂವತ್ತಾರರ ವಯಸ್ಸಿನಲ್ಲಿ ಟೆಸ್ಟ್ ನಾಯಕತ್ವ. 2009ರಲ್ಲಿ ಲಾಹೋರಿನಲ್ಲಿ ಶ್ರೀಲಂಕಾ ತಂಡದ ಬಸ್ಸಿನ ಮೇಲೆ ದಾಳಿಯಾದ ಮೇಲೆ ಯಾವ ತಂಡವೂ ಅಲ್ಲಿ ಟೆಸ್ಟ್ ಆಡಲು ಹೋಗುತ್ತಿರಲಿಲ್ಲ. ಹಾಗಾಗಿ ಅವರು ನಾಯಕರಾಗಿ ಆಡಿದ 56 ಟೆಸ್ಟ್‌ಗಳಲ್ಲಿ ಒಂದೂ ಸ್ವಂತ ನೆಲದಲ್ಲಿ ನಡೆಯಲಿಲ್ಲ. ಅದರಲ್ಲಿ 26 ಗೆದ್ದರು. ಪಾಕಿಸ್ತಾನದ ಬೇರಾವ ನಾಯಕನಿಗೂ ಅಷ್ಟು ಗೆಲುವಿರಲಿಲ್ಲ. 2016ರಲ್ಲಿ ತಂಡವನ್ನು ಟೆಸ್ಟ್ ಶ್ರೇಯಾಂಕದ ತುದಿಗೆ ಒಯ್ದರು. ಅದೇ ಬೇಸಿಗೆಯಲ್ಲಿ ಲಾರ್ಡ್ಸ್‌ನಲ್ಲಿ ನಲವತ್ತೆರಡರ ವಯಸ್ಸಿನಲ್ಲಿ ಶತಕ ಹೊಡೆದು ಹುಲ್ಲಿನ ಮೇಲೆ ದಂಡ ಹೊಡೆದರು. 2017ರ ಮೇ ತಿಂಗಳಲ್ಲಿ ಡೊಮಿನಿಕಾದಲ್ಲಿ ಆಟ ನಿಲ್ಲಿಸಿದಾಗ ಲೆಕ್ಕ 75 ಟೆಸ್ಟ್, 5222 ರನ್. ಇದರ ಬಹುಪಾಲು, ನಮ್ಮ ಅಂದಾಜಿನ ಪ್ರಕಾರ ಆಟ ಮುಗಿದಿರಬೇಕಾದ ವಯಸ್ಸಿನ ಮೇಲೆ ಬಂದದ್ದು.

ಆ ಹೊರಗುಳಿದ ವರ್ಷಗಳಲ್ಲಿ ಅವರು ಬದುಕಿದ್ದು ಹೇಗೆ? ತಾಳ್ಮೆ, ಸ್ವಭಾವ, ಛಲ ಎಂದೆಲ್ಲ ಹೇಳುವುದು ಸುಲಭ, ಸುಳ್ಳೂ ಅಲ್ಲ. ಆದರೆ ತಾಳ್ಮೆಗೆ ತಿಂಗಳ ಬಾಡಿಗೆ ಕಟ್ಟಲು ಬರುವುದಿಲ್ಲ. ಪಾಕಿಸ್ತಾನದಲ್ಲಿ ಆಟಗಾರನಿಗೆ ಆಸರೆಯಾದದ್ದು ಇಲಾಖಾ ಕ್ರಿಕೆಟ್, ಅಲ್ಲಿನವರ ಬಾಯಲ್ಲಿ ‘ಡಿಪಾರ್ಟ್‌ಮೆಂಟ್’. ಹಬೀಬ್ ಬ್ಯಾಂಕ್, ನ್ಯಾಷನಲ್ ಬ್ಯಾಂಕ್, ವಿಮಾನ ಕಂಪನಿ ಪಿ.ಐ.ಎ., ನೀರು-ವಿದ್ಯುತ್ತಿನ ವಾಪ್ಡಾ, ಅನಿಲ ಹಂಚುವ ಸುಯಿ ನಾರ್ದರ್ನ್ ಗ್ಯಾಸ್ ಇವೆಲ್ಲ ಸ್ವಂತ ತಂಡ ಕಟ್ಟಿ, ಆಟಗಾರರನ್ನು ನೌಕರರಾಗಿ ಸೇರಿಸಿಕೊಂಡು, ದೇಶದ ಪ್ರಥಮ ದರ್ಜೆ ಟೂರ್ನಿಗಳಲ್ಲೇ ಆಡಿಸುತ್ತಿದ್ದವು. ಎಪ್ಪತ್ತರ ದಶಕದಲ್ಲಿ ಪಾಕಿಸ್ತಾನ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದ ಅಬ್ದುಲ್ ಹಫೀಜ್ ಕಾರ್ದಾರ್ ಈ ಪದ್ಧತಿಗೆ ಬಲ ತುಂಬಿದವರು. ಮಿಸ್ಬಾ ಸುಯಿ ನಾರ್ದರ್ನ್ ಗ್ಯಾಸ್ ತಂಡದವರು. ದೇಶದ ತಂಡ ಬೇಡವೆಂದರೂ ಅವರಿಗೆ ಸಂಬಳ ಬರುತ್ತಿತ್ತು, ಆಡಲು ನಾಲ್ಕು ದಿನದ ಪಂದ್ಯಗಳಿದ್ದವು, ರನ್ ಹೊಡೆದರೆ ಅದನ್ನು ಬರೆದಿಡುವ ಪುಸ್ತಕವಿತ್ತು. ಕೈಯಲ್ಲಿ ಎಂ.ಬಿ.ಎ. ಇತ್ತು. ಹೀಗೆ ನಿಂತ ನೆಲ ಗಟ್ಟಿಯಿದ್ದವನಿಗೆ ಕಾಯುವುದು ಸಾಧ್ಯ.

ಆ ನೆಲವನ್ನು ತೆಗೆದರೆ ಏನಾಗುತ್ತದೆ ಎಂಬುದನ್ನೂ ಪಾಕಿಸ್ತಾನವೇ ತೋರಿಸಿಕೊಟ್ಟಿತು. 2019ರಲ್ಲಿ, ಪ್ರಧಾನಿಯಾಗಿದ್ದ ಇಮ್ರಾನ್ ಖಾನರ ಇಚ್ಛೆಯಂತೆ, ಇಲಾಖಾ ತಂಡಗಳು ರದ್ದಾದವು. ಅವರ ಕಣ್ಣಿದ್ದದ್ದು ಆಸ್ಟ್ರೇಲಿಯಾದ ಮಾದರಿಯ ಮೇಲೆ: ತಂಡ ಕಡಮೆ, ಪೈಪೋಟಿ ಹೆಚ್ಚು. ವಾದದಲ್ಲಿ ಹುರುಳಿಲ್ಲದಿಲ್ಲ, ತಂಡಗಳು ಹೆಚ್ಚಾಗಿ ಆಟದ ಮಟ್ಟ ತೆಳುವಾಗಿದೆ ಎಂಬ ದೂರು ಅಲ್ಲಿ ಹಳೆಯದು. ಆರು ಪ್ರಾಂತೀಯ ತಂಡ ಕಟ್ಟಿ 192 ಜನರಿಗೆ ಒಪ್ಪಂದ ಕೊಟ್ಟರು. ಉಳಿದವರ ಕೈಗೆ ಬಂದದ್ದು ಬರಿಯ ಬ್ಯಾಟು. ಅದೇ ವರ್ಷ ಕರಾಚಿಯಲ್ಲಿ ಒಬ್ಬ ಪ್ರಥಮ ದರ್ಜೆ ಆಟಗಾರ ಬಾಡಿಗೆ ವ್ಯಾನು ಓಡಿಸುತ್ತಿದ್ದ ವಿಡಿಯೊ ಎಲ್ಲೆಡೆ ಹರಿದಾಡಿತು. 2020ರಲ್ಲಿ ಮಿಸ್ಬಾ, ಮೊಹಮ್ಮದ್ ಹಫೀಜ್, ಅಜರ್ ಅಲಿ ಮೂವರೂ ಪ್ರಧಾನಿಯನ್ನು ಕಂಡು ಇಲಾಖೆಗಳನ್ನು ಮರಳಿ ತನ್ನಿ ಎಂದು ಕೇಳಿಕೊಂಡರು. ಆಗ ಮಿಸ್ಬಾ ರಾಷ್ಟ್ರೀಯ ತಂಡದ ತರಬೇತುದಾರರು, ಮಂಡಳಿಯ ಸಂಬಳದಲ್ಲಿದ್ದವರು. ಇಮ್ರಾನ್ ಒಪ್ಪಲಿಲ್ಲ. ಸರ್ಕಾರ ಬದಲಾದ ಮೇಲೆ, 2023ರ ಕೊನೆಗೆ, ಇಲಾಖೆಗಳ ಪ್ರೆಸಿಡೆಂಟ್ಸ್ ಟ್ರೋಫಿ ಮರಳಿತು. ನಡುವಿನ ನಾಲ್ಕು ವರ್ಷ ಮಾತ್ರ ಯಾರಿಗೂ ಮರಳಲಿಲ್ಲ.

ಆ ನಡುವಿನಲ್ಲೇ ಅಮೆರಿಕಕ್ಕೆ ಬಂದವರು ಸಮಿ ಅಸ್ಲಂ. ಪ್ರತಿಭೆಯೇ ಎಲ್ಲ ಎನ್ನುವವರು ಈ ಹೆಸರನ್ನು ಬರೆದಿಟ್ಟುಕೊಳ್ಳಬೇಕು. 2014ರ ಹತ್ತೊಂಬತ್ತರೊಳಗಿನವರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನವನ್ನು ಫೈನಲ್‌ವರೆಗೆ ಒಯ್ದ ನಾಯಕ ಆತ. ಮರುವರ್ಷವೇ ಟೆಸ್ಟ್ ತಂಡ, 2016ರಲ್ಲಿ ಎಜ್‌ಬ್ಯಾಸ್ಟನ್ನಿನಲ್ಲಿ 82 ಮತ್ತು 70, ದುಬೈನ ಹಗಲು-ರಾತ್ರಿ ಟೆಸ್ಟಿನಲ್ಲಿ 90. ಇಪ್ಪತ್ತೆರಡು ತುಂಬುವ ಮೊದಲೇ ಹದಿಮೂರು ಟೆಸ್ಟ್ ಆಡಿ ಮುಗಿಸಿದ್ದ. 2017ರ ನಂತರ ಕರೆ ಬರಲಿಲ್ಲ. 2020ರ ಕೊನೆಗೆ, ಇಪ್ಪತ್ತೈದರ ಹೊಸ್ತಿಲಲ್ಲಿ, ಪಾಕಿಸ್ತಾನದ ಕ್ರಿಕೆಟ್ ಬಿಟ್ಟು ಇಲ್ಲಿಗೆ ಬಂದ. ಆತನ ದೂರು ಆಯ್ಕೆಯ ರೀತಿಯ ಬಗ್ಗೆ ಇತ್ತು, ಇಲಾಖೆ ಮುಚ್ಚಿದ್ದರ ಬಗ್ಗೆ ಅಲ್ಲ. ಇದನ್ನು ನಾನು ಮರೆಮಾಚುವುದಿಲ್ಲ. ಆದರೆ ಆಯ್ಕೆಯಲ್ಲಿ ಅನ್ಯಾಯವಾಗಿದೆ ಎಂಬ ಕಹಿ ಮಿಸ್ಬಾ ಕಾಲದಲ್ಲೂ ಇದ್ದೇ ಇತ್ತು. ಆಗ ಹಲವು ಪ್ರಥಮ ದರ್ಜೆ ತಂಡಗಳಿದ್ದಲ್ಲಿ ಒಬ್ಬ ಬೇಡವೆಂದರೆ ಇನ್ನೊಬ್ಬರ ಬಾಗಿಲು ತಟ್ಟಬಹುದಿತ್ತು. ಆರೇ ತಂಡ ಉಳಿದಾಗ ತಟ್ಟಲು ಬಾಗಿಲೇ ಇಲ್ಲ. ಇಪ್ಪತ್ತೈದರಲ್ಲಿ ಮಿಸ್ಬಾ ಹೆಸರು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೈದರಲ್ಲಿ ಸಮಿ ಅಸ್ಲಂ ದೇಶ ಬಿಟ್ಟಿದ್ದ. ಹದಿನೆಂಟನೆಯ ವಯಸ್ಸಿನಲ್ಲಿ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಪ್ರತಿಭೆ ಯಾರಲ್ಲಿ ಎಂದು ಕೇಳಿದ್ದರೆ ಯಾವ ತರಬೇತುದಾರನೂ ಮಿಸ್ಬಾ ಕಡೆ ಬೆರಳು ತೋರಿಸುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಇದು ನಮಗೆ ಗೊತ್ತಿಲ್ಲದ ವಿಷಯವೇ? ಕರ್ನಾಟಕದ ಕ್ರಿಕೆಟ್ ಎದ್ದು ನಿಂತದ್ದೇ ಇಂಥ ಆಸರೆಯ ಮೇಲೆ. ಇ.ಎ.ಎಸ್. ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸಿಗೂ ಹೋಗಿಬಂದು, ಆಮೇಲೆ ಐದು ವರ್ಷ ಟೆಸ್ಟ್ ಕ್ರಿಕೆಟ್ಟಿನಿಂದ ದೂರ ಉಳಿದದ್ದು ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಲು. 1967ರಲ್ಲಿ ಮರಳಿದವರು ಇಪ್ಪತ್ತನೇ ಟೆಸ್ಟಿಗೆ ನೂರು ವಿಕೆಟ್ ಮುಟ್ಟಿದರು. ಭಾರತದ ಆ ದಾಖಲೆ ಮುರಿಯಲು 2013ರಲ್ಲಿ ಅಶ್ವಿನ್ ಬರಬೇಕಾಯಿತು. ಜಿ.ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿದ್ದರು, ಬಿ.ಎಸ್. ಚಂದ್ರಶೇಖರ್ ಸಿಂಡಿಕೇಟ್ ಬ್ಯಾಂಕಿನಲ್ಲಿ. ಬೊಂಬಾಯಿಯ ಹದಿನೈದು ವರ್ಷದ ಸರಪಳಿ ಕಡಿದು 1973-74ರಲ್ಲಿ ಮೊದಲ ಸಲ ರಣಜಿ ಟ್ರೋಫಿ ತಂದ ಪೀಳಿಗೆ ಅದು. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ, ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜು. ಇಬ್ಬರೂ ಎಂಜಿನಿಯರುಗಳು ಎಂದು ಹೆಮ್ಮೆ ಪಡುವ ನಾವು ಅದರ ಅರ್ಥವನ್ನು ಮಾತ್ರ ತಲೆಕೆಳಗು ಮಾಡಿಕೊಂಡಿದ್ದೇವೆ. ‘ನೋಡು, ಅಷ್ಟು ದೊಡ್ಡ ಆಟಗಾರರೂ ಓದು ಬಿಡಲಿಲ್ಲ’ ಎಂದು ಮಕ್ಕಳನ್ನು ಹೆದರಿಸಲು ಅವರ ಪದವಿಯನ್ನು ಬಳಸುತ್ತೇವೆ. ಆ ಪದವಿ ಅವರನ್ನು ಆಟದಿಂದ ಎಳೆದುಕೊಳ್ಳಲಿಲ್ಲ. ಇಂದು ವಿಕೆಟ್ ಬೀಳದಿದ್ದರೂ ನಾಳೆ ಗತಿಯೇನು ಎಂಬ ಭಯವಿಲ್ಲದೆ ಬೌಲಿಂಗ್ ಮಾಡಲು ಬಿಟ್ಟಿತು. ಪ್ರಸನ್ನರ ಐದು ವರ್ಷವನ್ನು ‘ಹಾಳಾದ ವರ್ಷಗಳು’ ಎನ್ನುವವರಿದ್ದಾರೆ. ಅವರು ಮರಳಿ ಬಂದ ಮೇಲಿನ ಬೌಲಿಂಗ್ ನೋಡಿದರೆ ಹಾಳಾದದ್ದು ಏನೂ ಕಾಣುವುದಿಲ್ಲ.

ಈಗ ಆ ಹುಬ್ಬೇರಿಸಿದವರಿಗೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮದಲ್ಲಿ ಉಗ್ರರು 26 ಜನರನ್ನು ಕೊಂದರು. ಆ ಸೆಪ್ಟೆಂಬರಿನ ಏಷ್ಯಾ ಕಪ್‌ನಲ್ಲಿ ಭಾರತ ಮತ್ತು ಪಾಕಿಸ್ತಾನ ತಂಡಗಳು ಕೈ ಕುಲುಕಲಿಲ್ಲ. ಇಂಥ ಹೊತ್ತಿನಲ್ಲಿ ಪಾಕಿಸ್ತಾನಿ ಆಟಗಾರನ ಬದುಕನ್ನು ಪಾಠವಾಗಿ ಓದಿ ಎನ್ನುವುದು ಕೆಲವರಿಗೆ ಕಿರಿಕಿರಿಯಾದೀತು, ಆ ಸಿಟ್ಟನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಓದುವುದು ಬೇರೆ, ಜೈಕಾರ ಹಾಕುವುದು ಬೇರೆ. 2008ರ ಮೊದಲ ಐಪಿಎಲ್‌ನಲ್ಲಿ ಇದೇ ಮಿಸ್ಬಾ ರಾಹುಲ್ ದ್ರಾವಿಡರ ನಾಯಕತ್ವದಲ್ಲಿ ರಾಯಲ್ ಚಾಲೆಂಜರ್ಸ್ ಅಂಗಿ ತೊಟ್ಟು ಆಡಿದರು. ಹೇಳಿಕೊಳ್ಳುವಂಥ ರನ್ನೇನೂ ಬರಲಿಲ್ಲ, ಆ ವರ್ಷ ಬೆಂಗಳೂರಿಗೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಮುಂಬೈ ದಾಳಿಯ ನಂತರ ಪಾಕಿಸ್ತಾನಿ ಆಟಗಾರರಿಗೆ ಆ ಬಾಗಿಲು ಮುಚ್ಚಿತು. ಅದು ದೇಶಗಳ ಮಟ್ಟದ ತೀರ್ಮಾನ. ನಿಮ್ಮ ಮಕ್ಕಳು ಆಡುವ ಅಂಗಳ ಬೇರೆ. ಶಿಕಾಗೋದ ಡೆವನ್ ಅವೆನ್ಯೂನಲ್ಲಿ ಒಂದು ತುಂಡಿಗೆ ಗಾಂಧಿ ಮಾರ್ಗ, ಇನ್ನೊಂದು ತುಂಡಿಗೆ ಜಿನ್ನಾ ಹೆಸರು. ಸಾಮಾನು ಕೊಳ್ಳುವವರು ಎರಡರಲ್ಲೂ ನಡೆಯುತ್ತಾರೆ. ಇಲ್ಲಿ ಟೆನಿಸ್ ಚೆಂಡಿಗೆ ಟೇಪು ಸುತ್ತಿ ಆಡುವ ಆಟ ಕರಾಚಿಯ ಗಲ್ಲಿಗಳಿಂದ ಬಂದದ್ದು, ನಮ್ಮ ಉಡುಪಿ-ಮಂಗಳೂರಿನ ಅಂಡರ್‌ಆರ್ಮ್ ಟೂರ್ನಿಗಳಿಗೆ ಅದು ದಾಯಾದಿ. ನಿಮ್ಮ ಮಗುವಿನ ತಂಡದಲ್ಲಿ, ಎದುರು ತಂಡದಲ್ಲಿ, ಒಮ್ಮೊಮ್ಮೆ ತರಬೇತುದಾರರಾಗಿ ಆ ದೇಶದವರು ಇದ್ದೇ ಇರುತ್ತಾರೆ. ಅವರು ಯಾಕೆ ಇಲ್ಲಿಗೆ ಬಂದರು ಎಂಬುದನ್ನು ತಿಳಿದಿರುವುದು ನಮಗೇ ಒಳ್ಳೆಯದು.

2024ರ ಜೂನ್ 6ರಂದು ಡಲ್ಲಾಸಿನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿತಲ್ಲ, ಆ ತಂಡವನ್ನು ನೋಡಿ. ಫಖರ್ ಜಮಾನ್ ವಿಕೆಟ್ ಕಿತ್ತ ಅಲಿ ಖಾನ್ ಹುಟ್ಟಿದ್ದು ಪಾಕಿಸ್ತಾನದ ಅಟಕ್ ಕಡೆ, ಹರೆಯದಲ್ಲಿ ಓಹಾಯೋಗೆ ಬಂದು ಇಲ್ಲಿನ ಕ್ಲಬ್ಬುಗಳಲ್ಲೇ ಬೆಳೆದವನು. ಮೂವತ್ತು ರನ್ನಿಗೆ ಮೂರು ವಿಕೆಟ್ ಪಡೆದ ನೊಷ್ತುಷ್ ಕೆಂಜಿಗೆ ಅಲಬಾಮಾದಲ್ಲಿ ಹುಟ್ಟಿದರೂ ಚಿಕ್ಕಮಗಳೂರು ಸೀಮೆಯ ಮನೆತನದವನು, ಬೆಳೆದದ್ದು ಭಾರತದಲ್ಲಿ. ಬೆಂಗಳೂರಿನ ಲೀಗಿನಲ್ಲಿ ಆಡಿಯೂ ರಾಜ್ಯ ತಂಡ ಮುಟ್ಟದೆ 2015ರಲ್ಲಿ ಅಮೆರಿಕಕ್ಕೆ ಮರಳಿ, ಕೆಲಸಕ್ಕೆ ಸೇರಿ, ಜೊತೆಗೆ ಆಡಿದ. ಸೂಪರ್ ಓವರ್ ಹಾಕಿದ ಸೌರಭ್ ನೇತ್ರವಲ್ಕರ್ ಒರಾಕಲ್ ಕಂಪನಿಯ ಎಂಜಿನಿಯರ್. ಡಲ್ಲಾಸಿನ ಆ ದಿನ ಕೆಂಜಿಗೆಗೆ ಮೂವತ್ತಮೂರು. ಮಿಸ್ಬಾ ಮರಳಿ ಬಂದದ್ದೂ ಮೂವತ್ತಮೂರಕ್ಕೇ. ಪಾಕಿಸ್ತಾನದಲ್ಲಿ ಬ್ಯಾಂಕು, ಅನಿಲ ಕಂಪನಿ ಮಾಡಿದ ಕೆಲಸವನ್ನು ಇವರಿಗೆ ಇಲ್ಲಿನ ಉದ್ಯೋಗ ಮಾಡಿತು, ಅಷ್ಟೇ ವ್ಯತ್ಯಾಸ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಒಂದಿದೆ. ಕಾಲ ಬದಲಾಗಿದೆ, ಈಗಿನ ಆಟಕ್ಕೆ ಹದಿನಾಲ್ಕರಿಂದಲೇ ದಿನಕ್ಕೆ ಐದು ಗಂಟೆ ಬೇಕು, ಎರಡು ದೋಣಿಯಲ್ಲಿ ಕಾಲಿಟ್ಟವನು ಯಾವ ದಡವನ್ನೂ ಸೇರುವುದಿಲ್ಲ, ಎಂದು. ಭಾರತದಲ್ಲೋ ಇಂಗ್ಲೆಂಡಿನಲ್ಲೋ ಈ ಮಾತಿಗೆ ನಾನು ಅರ್ಧ ತಲೆಬಾಗಿಸುತ್ತಿದ್ದೆ. ಅಲ್ಲಿ ಪೂರ್ತಿ ಇಳಿದವನಿಗೆ ಜಿಲ್ಲೆ, ರಾಜ್ಯ, ಲೀಗು ಎಂದು ಮೆಟ್ಟಿಲುಗಳಿವೆ. ಇಲ್ಲಿ ಮೆಟ್ಟಿಲೆಲ್ಲಿದೆ ತೋರಿಸಿ. ಮೇಜರ್ ಲೀಗಿನ ಆರು ತಂಡಗಳಲ್ಲಿ ಶಿಕಾಗೋಗೂ ಡೆಟ್ರಾಯಿಟ್‌ಗೂ ಒಂದಿಲ್ಲ. ಟೂರ್ನಿ ನಡೆಯುವುದು ಬೇಸಿಗೆಯ ಕೆಲವೇ ವಾರ. ಒಲಿಂಪಿಕ್ಸ್‌ಗೆ ಇಡೀ ಜಗತ್ತಿನಿಂದ ಪುರುಷರ ಆರು, ಮಹಿಳೆಯರ ಆರು ತಂಡ ಮಾತ್ರ. ಆಟದಿಂದ ಕಾಲೇಜಿಗೆ ದಾರಿ ಎಂಬ ಆಸೆಯಿದ್ದರೆ, ಕ್ರಿಕೆಟ್ ಎನ್‌ಸಿಎಎ ಆಟಗಳ ಪಟ್ಟಿಯಲ್ಲೇ ಇಲ್ಲ. ಕಾಲೇಜುಗಳಲ್ಲಿ ಅದು ವಿದ್ಯಾರ್ಥಿಗಳೇ ನಡೆಸುವ ಕ್ಲಬ್ಬಿನ ಮಟ್ಟದ್ದು. ದೇಶದ ಆಟ ನೋಡಿಕೊಳ್ಳಬೇಕಾದ ಯುಎಸ್‌ಎ ಕ್ರಿಕೆಟ್ಟನ್ನು 2025ರ ಸೆಪ್ಟೆಂಬರಿನಲ್ಲಿ ಐಸಿಸಿ ಅಮಾನತು ಮಾಡಿತು. ಇಂಥಲ್ಲಿ ಮಗುವನ್ನು ಪೂರ್ತಿ ಇಳಿಸುವುದೆಂದರೆ ಇಲಾಖೆಗಳು ಮುಚ್ಚಿದ ಪಾಕಿಸ್ತಾನಕ್ಕೆ ಇಳಿಸಿದಂತೆ. ಹಾಗೆಂದು ಹದಿನಾರಕ್ಕೆ ಬ್ಯಾಟು ಕಸಿದುಕೊಳ್ಳುವ ಮೊದಲ ಪಂಗಡ ಗೆದ್ದಿತು ಎಂದೂ ತಿಳಿಯಬೇಡಿ. ಮಿಸ್ಬಾರಿಂದ, ಪ್ರಸನ್ನರಿಂದ, ಕೆಂಜಿಗೆಯಿಂದ ಹದಿನಾರಕ್ಕೆ ಬ್ಯಾಟೋ ಚೆಂಡೋ ಕಸಿದಿದ್ದರೆ ಈ ಪತ್ರ ಬರೆಯಲು ನನಗೆ ವಿಷಯವೇ ಇರುತ್ತಿರಲಿಲ್ಲ.

ಹೆಣ್ಣುಮಕ್ಕಳ ತಂದೆತಾಯಂದಿರು ಇದನ್ನು ಇನ್ನೂ ಹತ್ತಿರದಿಂದ ನೋಡಬೇಕು. ಬೆಂಗಳೂರಿನ ಸಿಂಧು ಶ್ರೀಹರ್ಷ ಕರ್ನಾಟಕಕ್ಕೆ ಆಡಿ, ಇಲ್ಲಿಗೆ ಬಂದು ನೆಲೆಸಿ, ಅಮೆರಿಕದ ಮಹಿಳಾ ತಂಡದ ನಾಯಕಿಯಾದರು. ಪಾಕಿಸ್ತಾನದ ಬಿಸ್ಮಾ ಮಾರೂಫ್ 2021ರಲ್ಲಿ ತಾಯಿಯಾದಾಗ ಅವರ ಆಟ ಮುಗಿಯಿತು ಎಂದುಕೊಂಡವರೇ ಹೆಚ್ಚು. ಮಂಡಳಿ ಆ ವರ್ಷ ಸಂಬಳಸಹಿತ ಹೆರಿಗೆ ರಜೆಯ ನಿಯಮ ತಂದಿತು. 2022ರ ವಿಶ್ವಕಪ್ಪಿಗೆ ಆಕೆ ನಾಯಕಿಯಾಗಿ, ಕೂಸನ್ನು ಕಟ್ಟಿಕೊಂಡು, ನ್ಯೂಜಿಲೆಂಡಿಗೆ ಹೋದರು. ಒಂದು ನಿಯಮ ಬರುವ ಮೊದಲೂ ಆಮೇಲೂ ಆಕೆಯ ಪ್ರತಿಭೆ ಅಷ್ಟೇ ಇತ್ತು.

ಹಾಗಾದರೆ ಅರೋರಾದಲ್ಲಿ ಮಾಡುವುದೇನು? ಅಕಾಡೆಮಿಗೆ ಹಣ ಕಟ್ಟುವ ಮುನ್ನ, ನಿಮ್ಮಲ್ಲಿ ಹದಿನಾರರಲ್ಲಿ ಆಡುತ್ತಿದ್ದವರಲ್ಲಿ ಇಪ್ಪತ್ತೆರಡರಲ್ಲೂ ಆಡುತ್ತಿರುವವರು ಎಷ್ಟು ಜನ ಎಂದು ಕೇಳಿ. ಎಷ್ಟು ಜನ ಯಾವ ತಂಡಕ್ಕೆ ಆಯ್ಕೆಯಾದರು ಎಂಬ ಫಲಕ ಗೋಡೆಯ ಮೇಲೆ ಹೇಗೂ ಇರುತ್ತದೆ; ಈ ಲೆಕ್ಕವನ್ನು ಯಾರೂ ತಾವಾಗಿ ಹೇಳುವುದಿಲ್ಲ. ಎರಡನೆಯದು ನಮ್ಮ ಕೂಟಗಳಿಗೆ, ಶಿಕಾಗೋದ ವಿದ್ಯಾರಣ್ಯಕ್ಕೂ ಡೆಟ್ರಾಯಿಟ್‌ನ ಪಂಪಕ್ಕೂ. ವರ್ಷಕ್ಕೊಮ್ಮೆ ಟ್ರೋಫಿ ಹಂಚುವುದರಲ್ಲಿ ತಪ್ಪಿಲ್ಲ. ಆದರೆ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಇಪ್ಪತ್ತಮೂರರ ಹುಡುಗನಿಗೆ ಎರಡು ದಿನದ ಪಂದ್ಯ, ಗಟ್ಟಿ ಚೆಂಡು, ಸರಿಯಾದ ಪಿಚ್ಚು ಸಿಗುವಂತೆ ಮಾಡುವುದಕ್ಕೆ ಖರ್ಚು ಮಾಡಿದರೆ ಅದು ನಮ್ಮದೇ ಒಂದು ಸಣ್ಣ ಇಲಾಖೆಯಾದೀತು. ಅಲ್ಲಿ ಲಾಹೋರಿನವನೂ ಆಡಿದರೆ ಪಂದ್ಯದ ಮಟ್ಟ ಏರುತ್ತದೆಯೇ ಹೊರತು ನಮ್ಮದೇನೂ ಕರಗುವುದಿಲ್ಲ. ಮೂರನೆಯದು ಶಾಲೆ. ನ್ಯೂಯಾರ್ಕ್ ನಗರದ ಸರ್ಕಾರಿ ಹೈಸ್ಕೂಲುಗಳಲ್ಲಿ 2008ರಿಂದ ಕ್ರಿಕೆಟ್ ಅಧಿಕೃತ ಆಟ. ಇಲಿನಾಯ್ ಹೈಸ್ಕೂಲುಗಳ ಸಂಘದ ಆಟಗಳ ಪಟ್ಟಿಯಲ್ಲಿ ಅದಿಲ್ಲ. ಇಲ್ಲದಿರುವುದು ನಾವು ಕೇಳದಿರುವುದರಿಂದಲೂ ಇರಬಹುದು. ಅರೋರಾ ಮತ್ತು ನೇಪರ್‌ವಿಲ್ ಹಂಚಿಕೊಂಡಿರುವ 204ನೇ ಶಾಲಾ ಜಿಲ್ಲೆಯಲ್ಲಿ ನಮ್ಮ ಮಕ್ಕಳ ಸಂಖ್ಯೆ ಕಡಮೆಯೇನಿಲ್ಲ. ಶಾಲಾ ಮಂಡಳಿಯ ಸಭೆಗಳು ಸಾರ್ವಜನಿಕ. ಹೋಗಿ ಮಾತಾಡುವವರು ನಾಲ್ಕು ಮನೆಯವರಾದರೂ ಒಟ್ಟಿಗೆ ಹೋಗಲಿ, ಅದರಲ್ಲೊಂದು ಮನೆ ಪಾಕಿಸ್ತಾನದವರದಾಗಿದ್ದರೆ ಇನ್ನೂ ಒಳ್ಳೆಯದು.

ಇತಿ,
ನಿಮ್ಮ ನಡುವಿನ ಒಬ್ಬ ಕನ್ನಡಿಗ